ಮರ ಬೀಳುವ ಭಯವಿದ್ದರೆ ಅರ್ಜಿಯಲ್ಲಿ ಏನು ಬರೆಯಬೇಕು?

ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾದರೆ ಸಾಕು, ಬೀದಿಯ ಮಳೆಮರ, ಗುಲ್‌ಮೊಹರ್‌ಗಳ ಮೇಲೆ ಅರ್ಜಿಗಳು ಬೀಳುತ್ತವೆ: 'ಮರ ತೆಗೆಸಿಕೊಡಿ.' ಎಷ್ಟೋ ಸಲ ತೆಗೆಸಬೇಕಾದದ್ದು ಒಣಗಿದ ಒಂದೆರಡು ಕೊಂಬೆ ಮಾತ್ರ. ಹಾಗಿದ್ದರೆ ಅರ್ಜಿಯಲ್ಲೂ ಅದನ್ನೇ ಕೇಳಿ.

ನಿಮ್ಮ ಅಂಗಳದ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಬರೀ ಕೊಂಬೆಯೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ದೆಹಲಿಯಲ್ಲಿ 15.7 ಸೆಂ.ಮೀ. ಸುತ್ತಳತೆವರೆಗಿನ ಕೊಂಬೆಗಳನ್ನು ಅನುಮತಿಯಿಲ್ಲದೆ ಸವರಬಹುದೆಂಬ ಮಾರ್ಗಸೂಚಿಯನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದುಮಾಡಿತು.

ಪಕ್ಕದ ನಿವೇಶನದ ಮರ ದಾರಿಹೋಕರ ಮೇಲೆ ಬೀಳುವಂತಿದ್ದು, ಮಾಲೀಕರು ಕಿವಿಗೊಡದಿದ್ದರೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಆ ಕಲಮಿನ ಮಾತು ಗಮನಿಸಿ: ಮರವನ್ನು ತೆಗೆಯಿರಿ, ಇಲ್ಲವೇ ಅದಕ್ಕೆ ಆಸರೆ ಕೊಡಿ. ಉಳಿಸುವ ದಾರಿಯನ್ನು ಕಾನೂನೇ ತೆರೆದಿಟ್ಟಿರುವಾಗ ನಾವೇಕೆ ಗರಗಸದಿಂದ ಶುರುಮಾಡಬೇಕು?

ಅನುಮತಿ ಸಿಕ್ಕ ಮೇಲೂ ಕೆಲಸ ಕೆಡಬಹುದು. ನೆತ್ತಿ ಬೋಳಿಸಿದ ಮರದಲ್ಲಿ ಗಾಯದ ಸುತ್ತ ಸಡಿಲವಾದ ಚಿಗುರುಗಳು ಒತ್ತಾಗಿ ಎದ್ದು, ಬಲಿತ ಮೇಲೆ ಗಾಳಿಗೆ ಸುಲಭವಾಗಿ ಮುರಿಯುತ್ತವೆ. ತಂತಿಯಿರುವ ಬದಿಯನ್ನಷ್ಟೇ ಕಡಿದರೆ ಭಾರವೆಲ್ಲ ಇನ್ನೊಂದು ಬದಿಗೆ ವಾಲುತ್ತದೆ. ಬಲ್ಲವರು ದೊಡ್ಡ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ, ತುಸು ಮುಂದೆ ಮೇಲಿನಿಂದ ಕೊಯ್ದು ಭಾರ ಇಳಿಸುತ್ತಾರೆ. ಉಳಿದ ಮೋಟನ್ನು, ಕೊಂಬೆ ಕಾಂಡವನ್ನು ಸೇರುವ ಊದಿದ ಉಂಗುರದ ಹೊರಗೆ ತೆಗೆಯುತ್ತಾರೆ. ಉಂಗುರ ಉಳಿದರೆ ಮರವೇ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಬಣ್ಣ, ಡಾಂಬರು ಬಳಿಯುವುದು ಬೇಡ. ಒಂದೇ ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಈ ಷರತ್ತುಗಳನ್ನು ಅರ್ಜಿಯಲ್ಲೇ ಬರೆದು, ಮರದ ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಗೂಡಿದ್ದರೆ ಅದನ್ನೂ ನಮೂದಿಸಿ: 1972ರ ವನ್ಯಜೀವಿ ಕಾಯ್ದೆಯಲ್ಲಿ 'ಬೇಟೆ' ಎಂಬುದರೊಳಗೆ ಕಾಡುಹಕ್ಕಿಗಳ ಗೂಡು ಕೆದಕುವುದೂ ಸೇರಿದೆ.

ಕೊಂಬೆ ವಿದ್ಯುತ್ ತಂತಿಗೆ ತಾಗಿದ್ದರೆ ನೀವಾಗಲಿ, ಕೂಲಿಯವರಾಗಲಿ ಮರ ಹತ್ತಬೇಡಿ. 1912ಕ್ಕೆ ಕರೆಮಾಡಿ, ಲೈನ್ ಆಫ್ ಆಗಿದೆಯೆಂದು ವಿದ್ಯುತ್ ಸಿಬ್ಬಂದಿಯೇ ಹೇಳುವವರೆಗೆ ದೂರವಿರಿ. ತಂತಿ ಎಳೆಯುವ ಮೊದಲೇ ನಿಮ್ಮ ಮರ ಅಲ್ಲಿತ್ತೇ? ವಿದ್ಯುತ್ ಕಾಯ್ದೆ 2003ರ 68ನೇ ಕಲಮಿನಡಿ ಅದನ್ನು ತೆಗೆಸಿದರೆ ನಿಮಗೆ ಪರಿಹಾರ ಸಿಗಬೇಕು. ಮರ ಮೊದಲೇ ಇತ್ತೆಂಬುದಕ್ಕೆ ಹಳೆಯ ಫೋಟೊ, ಪಹಣಿಯ ನಮೂದು ನೆರವಾಗುತ್ತವೆ.