ಆರೈಕೆ ಮಾಡುವವರಿಗೂ ಆರೈಕೆ ಬೇಕು

ನಿಮ್ಮ ಮನೆಯಲ್ಲಿ ನರ್ಸ್ ಅಥವಾ ಡಾಕ್ಟರ್ ಇದ್ದಾರೆಯೇ? ಹಾಗಾದರೆ ಈ ದೃಶ್ಯ ನಿಮಗೆ ಹೊಸದಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಸೊಸೆ ಬ್ಯಾಗ್ ಇಟ್ಟು ನೇರ ಅಡುಗೆ ಮನೆಗೆ ಹೋಗುತ್ತಾಳೆ. ಮಕ್ಕಳ ಟಿಫಿನ್, ಬಟ್ಟೆಬರೆ, ಮನೆಗೆ ಬಂದ ನೆಂಟರಿಗೆ ಚಹಾ. ಹಗಲು ಎರಡು ಗಂಟೆ ನಿದ್ದೆ ಸಿಕ್ಕರೆ ಅದೇ ಹೆಚ್ಚು. ಕೆಲವು ತಿಂಗಳ ಬಳಿಕ ಅವಳು ಸಣ್ಣ ಮಾತಿಗೂ ಸಿಡುಕತೊಡಗುತ್ತಾಳೆ. ಮನೆಯವರು ‘ಇವಳಿಗೆ ಅಹಂಕಾರ ಬಂತು’ ಎನ್ನುತ್ತಾರೆ. ನಿಜವಾಗಿ ಅವಳು ಬಳಲಿ ಬರಿದಾಗಿರಬಹುದು.

ಇದಕ್ಕೆ ‘ಬರ್ನ್‌ಔಟ್’ ಎನ್ನುತ್ತಾರೆ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಉಚಿತ ಚಿಕಿತ್ಸಾಲಯದ ಸೇವಾಕರ್ತರಲ್ಲಿ ಕಂಡ ದಣಿವನ್ನು ಈ ಪದದಿಂದ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನುವುದಿಲ್ಲ. ಕೆಲಸದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸಲಾಗದೆ ಬರುವ ಸ್ಥಿತಿ ಎನ್ನುತ್ತದೆ. ಲಕ್ಷಣಗಳು ಮೂರು: ಶಕ್ತಿ ಬತ್ತಿದಂತಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ಮನಸ್ಸು ದೂರವಾಗುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಎನಿಸುವುದು.

ಇದರ ಮೂಲ ಹೆಚ್ಚಾಗಿ ಆಸ್ಪತ್ರೆಯಲ್ಲೇ ಇದೆ: ಸಿಬ್ಬಂದಿಯ ಕೊರತೆ, ದೀರ್ಘ ಪಾಳಿ, ರೋಗಿಗಳ ದಟ್ಟಣೆ. ಆದರೆ ಅದೇ ವಾರ್ಡಿನಲ್ಲಿ ಒಬ್ಬರು ತಾಳಿಕೊಳ್ಳುತ್ತಾರೆ, ಇನ್ನೊಬ್ಬರು ಕುಸಿಯುತ್ತಾರೆ. ಇಲ್ಲಿ ವೈಯಕ್ತಿಕ ಅಂಶಗಳೂ ಕೆಲಸ ಮಾಡುತ್ತವೆ.

ನಿದ್ದೆ: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ಮದ್ಯ ಸೇವಿಸಿದವರಷ್ಟೇ ಕುಗ್ಗಬಹುದು ಎಂದು ಪ್ರಯೋಗಗಳು ತೋರಿಸಿವೆ. ರಮಝಾನಿನಲ್ಲಿ ಈ ಲೆಕ್ಕ ಮತ್ತಷ್ಟು ಏರುಪೇರಾಗುತ್ತದೆ.

ಸ್ವಭಾವ: ಎಲ್ಲವೂ ಲೋಪವಿಲ್ಲದೆ ಆಗಬೇಕೆಂಬ ಹಟ, ‘ಆಗದು’ ಎನ್ನಲು ಸಂಕೋಚ, ರೋಗಿ ತೀರಿಕೊಂಡರೆ ತನ್ನನ್ನೇ ದೂಷಿಸಿಕೊಳ್ಳುವ ಗುಣ. ಒಳ್ಳೆಯ ಕೆಲಸಗಾರರೇ ಇದಕ್ಕೆ ಬೇಗ ಸಿಲುಕುತ್ತಾರೆ.

ವಯಸ್ಸು: ವೃತ್ತಿಯ ಆರಂಭದ ವರ್ಷಗಳಲ್ಲಿ ಅಪಾಯ ಹೆಚ್ಚು. ಜವಾಬ್ದಾರಿ ದೊಡ್ಡದು, ಅನುಭವ ಕಡಿಮೆ.

ಮನೆಯ ಎರಡನೇ ಪಾಳಿ: ಮಹಿಳೆಯರಿಗೆ ಆಸ್ಪತ್ರೆಯ ಕೆಲಸ ಮುಗಿದಾಗ ಮನೆಯ ಕೆಲಸ ಆರಂಭವಾಗುತ್ತದೆ.

ಒಂಟಿತನ: ಕಂಡ ಸಾವು ನೋವುಗಳನ್ನು ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಭಾರ ಒಳಗೇ ಬೆಳೆಯುತ್ತದೆ. ಗಲ್ಫ್‌ನಲ್ಲಿ ಕುಟುಂಬ ಬಿಟ್ಟು ದುಡಿಯುವವರ ಸ್ಥಿತಿಯೂ ಇದೇ.

ಆಸ್ಪತ್ರೆಯ ಪಾಳಿಯನ್ನು ನೀವು ಬದಲಿಸಲಾರಿರಿ. ಮನೆಯಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ.

• ರಾತ್ರಿ ಪಾಳಿ ಮಾಡಿದವರಿಗೆ ಕತ್ತಲೆಯ, ಸದ್ದಿಲ್ಲದ ಕೋಣೆ ಬಿಟ್ಟುಕೊಡಿ. ಅವರ ಹಗಲು ನಿಮ್ಮ ರಾತ್ರಿ ಎಂದು ಮಕ್ಕಳಿಗೂ ತಿಳಿಸಿ.
• ಪಾಳಿಯ ಪಟ್ಟಿಯನ್ನು ಅಡುಗೆ ಮನೆಯಲ್ಲಿ ಅಂಟಿಸಿ, ಅದರಂತೆ ಗಂಡಸರೂ ಕೆಲಸ ಹಂಚಿಕೊಳ್ಳಿ.
• ನೆಂಟರ ಕಾಯಿಲೆಯ ಸಲಹೆಗೆಂದು ಅವರನ್ನು ನಿದ್ದೆಯಿಂದ ಎಬ್ಬಿಸಬೇಡಿ.
• ‘ಇವತ್ತು ಹೇಗಿತ್ತು?’ ಎಂದು ಕೇಳಿ. ಉಪದೇಶ ಬೇಡ, ಕೇಳಿಸಿಕೊಂಡರೆ ಸಾಕು.

ನೀವೇ ಆರೋಗ್ಯ ಕಾರ್ಯಕರ್ತರಾಗಿದ್ದರೆ, ಹೆಚ್ಚುವರಿ ಪಾಳಿಗೆ ಕೆಲವೊಮ್ಮೆ ‘ಇಲ್ಲ’ ಎನ್ನುವುದು ಸ್ವಾರ್ಥವಲ್ಲ. ದಣಿದ ಕೈಯಿಂದ ಔಷಧಿಯ ಪ್ರಮಾಣ ತಪ್ಪಬಹುದು. ನಿಮ್ಮ ವಿಶ್ರಾಂತಿ ರೋಗಿಯ ಸುರಕ್ಷತೆಯೂ ಹೌದು.

ಎರಡು ವಾರ ಮೀರಿ ಬೇಸರ, ನಿರಾಸಕ್ತಿ ಉಳಿದರೆ ವೈದ್ಯರನ್ನು ಕಾಣಿ, ಅದು ಖಿನ್ನತೆಯಾಗಿರಬಹುದು. ಬದುಕೇ ಬೇಡವೆಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲು ರಾತ್ರಿ ಲಭ್ಯವಿದೆ. ಕನ್ನಡದಲ್ಲೂ ಮಾತನಾಡಬಹುದು.

ಇಂದು ಪಾಳಿ ಮುಗಿಸಿ ಬರುವವರಿಗೆ ಒಂದು ಲೋಟ ಚಹಾ ನೀವೇ ಮಾಡಿ ಕೊಡಿ. ಆಮೇಲೆ ಅವರನ್ನು ಮಲಗಲು ಬಿಡಿ.