ಕೃಷ್ಣೆಯ ಉಗಮ ಮತ್ತು ಭೂಮಿಯ ನಾಲ್ಕು ಗೋಳಗಳು

ಪ್ರಾಕೃತಿಕ ಭೂಗೋಳಶಾಸ್ತ್ರವು ಭೂಮಿಯನ್ನು ಶಿಲಾಗೋಳ, ಜಲಗೋಳ, ವಾಯುಗೋಳ ಹಾಗೂ ಜೀವಗೋಳಗಳೆಂದು ವಿಂಗಡಿಸುತ್ತದೆ. ಈ ವಿಂಗಡಣೆ ಅಧ್ಯಯನದ ಅನುಕೂಲಕ್ಕಷ್ಟೆ. ನಿಸರ್ಗದಲ್ಲಿ ಅವು ಬೇರ್ಪಡುವುದಿಲ್ಲ. ಕೃಷ್ಣಾ ನದಿ ಹುಟ್ಟುವ ಮಹಾಬಳೇಶ್ವರವೇ ಇದಕ್ಕೆ ನಿದರ್ಶನ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಪದರಪದರವಾಗಿ ಹೆಪ್ಪುಗಟ್ಟಿ ಇಲ್ಲಿಯ ಕಪ್ಪುಶಿಲೆಯಾಯಿತು. ನೈಋತ್ಯ ಮಾರುತಗಳು ಈ ಘಟ್ಟವನ್ನು ಏರುವಾಗ ತಂಪಾಗಿ ಮಳೆ ಸುರಿಸುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಅಧಿಕ ಮಳೆಯಾದರೆ, ಪೂರ್ವದ ತಪ್ಪಲಿನ ವಾಯಿಯಲ್ಲಿ 1000 ಮಿಲಿಮೀಟರೂ ಬೀಳುವುದಿಲ್ಲ. ಘಟ್ಟದ ಕಾಡು ಈ ನೀರನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಅರಬ್ಬೀ ಸಮುದ್ರವು ಸುಮಾರು 65 ಕಿಲೋಮೀಟರ್ ದೂರದಲ್ಲಿದ್ದರೂ, ಪ್ರಸ್ಥಭೂಮಿಯ ಇಳಿಜಾರು ಪೂರ್ವಕ್ಕಿರುವುದರಿಂದ ಕೃಷ್ಣೆಯು ಸುಮಾರು 1400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮಳೆ ವಿರಳವಾದ ವಿಜಯಪುರ, ರಾಯಚೂರುಗಳ ಕಾಲುವೆಗಳಲ್ಲಿ ಹರಿಯುವುದು ಬಹುಮಟ್ಟಿಗೆ ಈ ಘಟ್ಟದ ಮಳೆಯೇ.

ನೀರು ಶಿಲೆಯನ್ನೂ ಕದಲಿಸಬಲ್ಲದು. ಉಪನದಿ ಕೊಯ್ನಾಕ್ಕೆ ಕಟ್ಟಿದ ಅಣೆಕಟ್ಟಿನ ಹಿಂದೆ 1960ರ ದಶಕದ ಆರಂಭದಲ್ಲಿ ನೀರು ನಿಲ್ಲತೊಡಗಿದ ಬಳಿಕ ಸಣ್ಣ ಕಂಪನಗಳು ಹೆಚ್ಚಿದವು. 1967ರ ಡಿಸೆಂಬರ್ 11ರ ನಸುಕಿನ ಭೂಕಂಪದಲ್ಲಿ ಸುಮಾರು 180 ಮಂದಿ ಅಸುನೀಗಿದರು. ಜಲಾಶಯದ ನೀರು ಆಳದ ಬಿರುಕುಗಳಿಗಿಳಿದು, ಮೊದಲೇ ಒತ್ತಡದಲ್ಲಿದ್ದ ಶಿಲೆಗಳನ್ನು ಜಾರುವಂತೆ ಮಾಡಿತೆಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಮತ. ಅಲ್ಲಿ ಇಂದಿಗೂ, ಜಲಾಶಯದ ಮಟ್ಟದ ಏರಿಳಿತದೊಡನೆ ಕಂಪನಗಳು ಹೆಚ್ಚುಕಡಿಮೆಯಾಗುತ್ತಿವೆ.