ಜೇನು ಕೊಡುವುದು ನಾಲ್ಕು ತಿಂಗಳು, ಜೋಪಾನ ಹನ್ನೆರಡು ತಿಂಗಳು



ಎಮ್ಮೆ, ಆಡು, ಹೊಲಿಗೆ ಯಂತ್ರಕ್ಕೆ ಸಂಘದಿಂದ ಸಾಲ ತೆಗೆಯುವುದು ನಮಗೆ ಹೊಸದಲ್ಲ. ಈಗ ಕೆಲವರು ಜೇನು ಸಾಕಲು ಮುಂದೆ ಬರುತ್ತಿದ್ದಾರೆ. ಸಂತೋಷ. ಆದರೆ ಜೇನು ಸಾಕಿದವರಿಂದ ಇಂಥ ಮಾತೂ ಕೇಳಿಬರುತ್ತದೆ: “ಚಳಿಗಾಲದಾಗ ಪೆಟಗಿ ತುಂಬ ಹುಳ ಇದ್ದವ್ರಿ ಅಕ್ಕಾರ, ಬ್ಯಾಸಗಿ ಬಂದ ಕೂಡ್ಲೆ ಓಡಿ ಹೋದವು.” ಹುಳ ಓಡಿ ಹೋದರೂ ಸಾಲ ಓಡಿ ಹೋಗುವುದಿಲ್ಲ. ಆದ್ದರಿಂದ ಯಾವ ಕಾಲಕ್ಕೆ ಏನು ಮಾಡಬೇಕೆಂದು ಮೊದಲು ಕಲಿಯೋಣ.

ಯಾವ ಜೇನು ಸಾಕಬೇಕು?

ಹೆಜ್ಜೇನು, ಕೋಲುಜೇನು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಮರದ ಪೊಟರೆಯಲ್ಲಿ, ಗೋಡೆ ಸಂದಿಯಲ್ಲಿ ಸಾಲಾಗಿ ಹಲವು ಹುಟ್ಟು ಕಟ್ಟುವ ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಸಾಕಬಹುದು. ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು ಹೆಚ್ಚು ತುಪ್ಪ ಕೊಡುತ್ತದೆ. ಆದರೆ ಹೂವು ಇರುವ ಊರಿಗೆ ಪೆಟ್ಟಿಗೆ ಸಾಗಿಸುತ್ತಿರಬೇಕು, ಖರ್ಚು ಹೆಚ್ಚು. ಹೊಸಬರು ಎರಡೇ ಎರಡು ತುಡುವೆ ಪೆಟ್ಟಿಗೆಯಿಂದ ಶುರು ಮಾಡಿ.

ಕುಟುಂಬ ಕೊಳ್ಳುವಾಗ ಪೆಟ್ಟಿಗೆ ತೆಗೆಸಿ ನೋಡಿ. ಮರಿಹುಳುಗಳು ನೀರು ತುಂಬಿದ ಚೀಲದಂತೆ ಸತ್ತು ಬಿದ್ದಿದ್ದರೆ ಕೊಳ್ಳಬೇಡಿ. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991-92ರ ಸುಮಾರಿಗೆ ಬಂದ ಈ ರೋಗದಿಂದ ಕರ್ನಾಟಕದಲ್ಲಿ ಬಹುಪಾಲು ತುಡುವೆ ಕುಟುಂಬಗಳು ನಾಶವಾದವು.

ಹಿಂಗಾರಿ: ದುಡಿಮೆಯ ಕಾಲ

ಜೈನಾಪುರ, ಬಬಲೇಶ್ವರ, ತಿಕೋಟಾ ಭಾಗದಲ್ಲಿ ಜೇನಿಗೆ ಸುಗ್ಗಿ ಬರುವುದು ದಸರಾ ನಂತರ. ಮೊದಲು ತೊಗರಿ, ಆಮೇಲೆ ಸೂರ್ಯಕಾಂತಿ, ಕುಸುಬೆ ಹೂವಾಗುತ್ತವೆ. ಬಿಳಿಜೋಳದ ತೆನೆಯಿಂದ ಮರಿಗಳಿಗೆ ಬೇಕಾದ ಪರಾಗ ಸಿಗುತ್ತದೆ. ಹೊಸ ಪೆಟ್ಟಿಗೆ ತರುವುದಾದರೆ ಈ ಕಾಲಕ್ಕೇ ತನ್ನಿ.

- ಕೆಳಗಿನ ಸಂಸಾರ ಕೋಣೆ ಹುಳುಗಳಿಂದ ತುಂಬಿದ ಮೇಲೆಯೇ ಮೇಲೆ ಜೇನು ಕೋಣೆ ಇಡಿ. ಅಷ್ಟರೊಳಗೆ ಸಕ್ಕರೆ ಪಾಕ ಕೊಡುವುದನ್ನು ನಿಲ್ಲಿಸಿ. ಇಲ್ಲವಾದರೆ ತುಪ್ಪದಲ್ಲಿ ಪಾಕ ಸೇರುತ್ತದೆ.
- ಹುಟ್ಟಿನ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದಾಗ ಮಾತ್ರ ತುಪ್ಪ ತೆಗೆಯಿರಿ. ಹಸಿ ತುಪ್ಪ ಹುಳಿ ಬರುತ್ತದೆ.
- ಸಂಸಾರ ಕೋಣೆಯ ತುಪ್ಪಕ್ಕೆ ಕೈ ಹಾಕಬೇಡಿ. ಅದು ಅವುಗಳ ಬುತ್ತಿ.
- ಹುಟ್ಟಿನ ಅಂಚಿನಲ್ಲಿ ರಾಣಿ ಗೂಡು ಕಂಡರೆ ಕುಟುಂಬ ಪಾಲಾಗಲಿದೆ ಎಂದು ತಿಳಿಯಿರಿ. ಬಲ್ಲವರನ್ನು ಕರೆದು ಎರಡು ಪೆಟ್ಟಿಗೆ ಮಾಡಿಕೊಳ್ಳಿ.

ಬೇಸಿಗೆ: ಪರೀಕ್ಷೆಯ ಕಾಲ

ಹೋಳಿ ಹುಣ್ಣಿಮೆ ದಾಟಿತೆಂದರೆ ಹೊಲ ಬರಿದು. ಬೇವು, ಹೊಂಗೆ, ಹುಣಸೆ ಮರಗಳೇ ಆಸರೆ. ಬಿಸಿಲು 40 ಡಿಗ್ರಿ ದಾಟುತ್ತದೆ. ಹುಳುಗಳು ನೀರು ತಂದು, ರೆಕ್ಕೆ ಬೀಸಿ ಗೂಡು ತಂಪು ಮಾಡುತ್ತವೆ. ನೀರು, ಆಹಾರ ಎರಡೂ ಇಲ್ಲವಾದರೆ ಗೂಡು ಬಿಟ್ಟು ಹೋಗುತ್ತವೆ.

- ಪೆಟ್ಟಿಗೆಯನ್ನು ಗಿಡದ ದಟ್ಟ ನೆರಳಿನಲ್ಲಿ ಇಡಿ. ಮೇಲೆ ಹಸಿ ಗೋಣಿಚೀಲ ಹಾಕಿ.
- ಹತ್ತಿರ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು ಕಲ್ಲುಹರಳು ಹಾಕಿ. ಹುಳ ಮುಳುಗಿ ಸಾಯಬಾರದು.
- ವಾರಕ್ಕೊಮ್ಮೆ ಸಮಪಾಲು ಸಕ್ಕರೆ, ನೀರಿನ ಪಾಕವನ್ನು ಆರಿಸಿ ಸಂಜೆ ಪೆಟ್ಟಿಗೆಯೊಳಗೆ ಇಡಿ. ಹೊರಗೆ ಚೆಲ್ಲಿದರೆ ಬೇರೆ ಜೇನು, ಇರುವೆ ಕೊಳ್ಳೆ ಹೊಡೆಯುತ್ತವೆ.

ಮಳೆಗಾಲ: ಕಾಯುವ ಕಾಲ

ಮುಂಗಾರಿನ ಮೊದಲಿಗೂ ಹೂವು ಕಡಿಮೆ. ಎಳ್ಳು, ಸಜ್ಜೆ, ಗೋವಿನಜೋಳ ಹೂ ಬಿಡುವವರೆಗೆ ಪಾಕ ಬೇಕಾಗಬಹುದು. ಪೆಟ್ಟಿಗೆಗೆ ಮಳೆನೀರು ಇಳಿಯದಂತೆ ನೋಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತುವುದಿಲ್ಲ. ತಳದ ಹಲಗೆಯನ್ನು ವಾರಕ್ಕೊಮ್ಮೆ ಒರೆಸಿ, ಹುಳುಗಳಿಲ್ಲದ ಹಳೇ ಹುಟ್ಟು ತೆಗೆದುಬಿಡಿ. ಮೇಣದ ಪತಂಗ ಮೊಟ್ಟೆ ಇಡುವುದು ಅಲ್ಲೇ.

ಔಷಧ ಸಿಂಪರಣೆ

ದ್ರಾಕ್ಷಿ ಹೂವಿನಿಂದ ಜೇನಿಗೆ ಹೆಚ್ಚಿನ ಲಾಭವಿಲ್ಲ. ಆದರೆ ಅಕ್ಟೋಬರ್ ಚಾಟನಿ ನಂತರ ಪಡಗಳಿಗೆ ಮೇಲಿಂದ ಮೇಲೆ ಔಷಧ ಹೊಡೆಯುತ್ತಾರೆ. ಪೆಟ್ಟಿಗೆಯನ್ನು ಪಡದಿಂದ ದೂರ ಇಡಿ. ತೊಗರಿಗೆ ಔಷಧ ಹೊಡೆಯುವ ಅಕ್ಕಪಕ್ಕದ ರೈತರಿಗೆ, “ಸಂಜಿ ಮುಂದ ಹೊಡೀರಿ ಅಣ್ಣಾ, ಹಿಂದಿನ ದಿನಾ ನಮಗೊಂದು ಮಾತು ಹೇಳ್ರಿ” ಎಂದು ಕೇಳಿಕೊಳ್ಳಿ. ಜೇನು ಬಂದರೆ ಅವರ ಸೂರ್ಯಕಾಂತಿ ಕಾಳು ಚೆನ್ನಾಗಿ ಕಟ್ಟುತ್ತದೆ ಎಂಬುದನ್ನೂ ತಿಳಿಸಿ.

ಲೆಕ್ಕ ಮಾಡಿ ನೋಡೋಣ

ಇದು ಕಲಿಯಲು ಮಾತ್ರ. ನಿಮ್ಮೂರಿನ ದರ ಹಾಕಿಕೊಳ್ಳಿ. 5 ಪೆಟ್ಟಿಗೆ, ಒಂದಕ್ಕೆ 4 ಕಿಲೋದಂತೆ 20 ಕಿಲೋ ತುಪ್ಪ. ಕಿಲೋಗೆ 400 ರೂ. ಆದರೆ 8,000 ರೂ. ಬೇಸಿಗೆಯಲ್ಲಿ ಎರಡು ಕುಟುಂಬ ಹೋದರೆ ಮುಂದಿನ ವರ್ಷ 12 ಕಿಲೋ, ಅಂದರೆ 4,800 ರೂ. ನಷ್ಟ 3,200 ರೂ. ಹೊಸ ಕುಟುಂಬ ಕೊಳ್ಳುವ ಖರ್ಚು ಬೇರೆ. ಈಗ ಸಕ್ಕರೆ ಲೆಕ್ಕ: ಪೆಟ್ಟಿಗೆಗೆ ವಾರಕ್ಕೆ ಕಾಲು ಕಿಲೋ, 16 ವಾರಕ್ಕೆ 4 ಕಿಲೋ. ಐದಕ್ಕೆ 20 ಕಿಲೋ. ಕಿಲೋಗೆ 45 ರೂ. ಆದರೆ 900 ರೂ. ತುಪ್ಪ ಮಾರಿದ ದಿನವೇ ಈ 900 ರೂ. ಬೇರೆ ತೆಗೆದಿಡಿ. ಎಮ್ಮೆಗೆ ಹಿಂಡಿ ಹಾಕದೆ ಹಾಲು ಕೇಳುತ್ತೇವೆಯೇ?

ಸಭೆಯಲ್ಲಿ ಚರ್ಚಿಸಿ

1. ನಮ್ಮೂರಲ್ಲಿ ಯಾವ ತಿಂಗಳು ಯಾವ ಹೂವು ಇರುತ್ತದೆ? ಪಟ್ಟಿ ಮಾಡಿ.
2. ಬೇಸಿಗೆಯಲ್ಲಿ ನೆರಳು, ನೀರು ಯಾರ ಹೊಲದಲ್ಲಿದೆ?
3. ತರಬೇತಿಗೆ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಸಹಾಯಧನಕ್ಕೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಲು ಯಾರು ಹೋಗುತ್ತೀರಿ?

ಹೆಸರು ಬರೆದು, ಮುಂದಿನ ಸಭೆಗೆ ಉತ್ತರ ತನ್ನಿ.